ಸೊಂಟ ಹಿಡಿದವಳು

"ನೋಡೇ, ಇದೂ ಬಿಗಿ! ಇಷ್ಟು ದಿನ ಓಡಿದ್ದು ಎಲ್ಲಿಗೆ ಹೋಯ್ತು?" ಬಸ್ ಡ್ರೈವರ್ ಉಸಿರು ಬಿಗಿಹಿಡಿದು ಪ್ಯಾಂಟಿನ ಗುಂಡಿಯೊಡನೆ ಗುದ್ದಾಡುತ್ತಿದ್ದ.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಅವನು ಡ್ಯೂಟಿಗೆ ಹೋದಾಗಲೆಲ್ಲ ಅವನ ಪ್ಯಾಂಟುಗಳನ್ನು ಸೊಂಟದಲ್ಲಿ ಚೂರುಚೂರೇ ಒಳಗೆ ಹಿಡಿದು ಹೊಲಿದವಳು ಅವಳೇ.

ಬಿ.ಪಿ. ಜಾಸ್ತಿಯಾಯಿತೆಂದು ಅವನು ಓಡಲು ಶುರುಮಾಡಿದಾಗ ಅವಳಿಗೂ ಸಮಾಧಾನವೇ ಆಗಿತ್ತು. ಆಮೇಲೆ ಜೊತೆಗೆ ಓಡಲು ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮ ಸಿಕ್ಕರು. ಉದ್ದ ಕಾಲು, ಕಿತ್ತಳೆ ಬಣ್ಣದ ಶೂ.

ಒಂದು ದಿನ ಅವನು ಹೇಳಿದ್ದ: "ಡಾಕ್ಟರಮ್ಮ ಹೇಳಿದ್ರು, ಮಾತಾಡ್ತಾ ಓಡೋಕಾಗ್ಬೇಕಂತೆ. ಅಷ್ಟು ವೇಗ ಸಾಕಂತೆ."

"ಓಹೋ, ಮಾತೂ ನಡಿಯುತ್ತೆ!"

"ಆರೋಗ್ಯಕ್ಕೆ ಕಣೇ."

"ಯಾರ ಆರೋಗ್ಯಕ್ಕೆ?"

ಅವನು ನಕ್ಕ. ಅವಳಿಗೆ ಮೈ ಉರಿಯಿತು.

ಇವತ್ತು ಮಾತ್ರ ಅವನು ನಗಲಿಲ್ಲ. ಕುರ್ಚಿಯಲ್ಲಿ ಕುಸಿದು, "ನಾಳೆಯಿಂದ ಬಿಟ್ಬಿಡ್ತೀನಿ. ಈ ಮೈ ಇಳಿಯೋದಲ್ಲ" ಎಂದ.

ಅವಳಿಗೆ ಬೇಕಾಗಿದ್ದದ್ದು ಇದೇ ಮಾತು. ಆದರೆ ಕೇಳಿದೊಡನೆ ಹೊಲಿಗೆ ಯಂತ್ರ ನಿಲ್ಲಿಸಿದಳು. ಈಗಷ್ಟೇ ಅವನು ಅವಳ ಹೊಲಿಗೆ ಬಟ್ಟೆಯ ಗಂಟನ್ನು ಹೊತ್ತು ಮೂರು ಮಹಡಿ ಹತ್ತಿ ಬಂದಿದ್ದ, ಒಂದು ಸಲವೂ ನಿಲ್ಲದೆ. ಮೊದಲಾದರೆ ಮೊದಲನೇ ಮಹಡಿಯಲ್ಲೇ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ. ರಾತ್ರಿ ಗೊರಕೆಯ ನಡುವೆ ಅವನ ಉಸಿರು ನಿಂತಂತಾಗಿ ಅವಳು ಎದ್ದು ಕೂರುತ್ತಿದ್ದ ದಿನಗಳಿದ್ದವು.

"ಬಿಡ್ಬೇಡಿ," ಎಂದಳು. "ಪ್ಯಾಂಟ್ ಹಿಡಿದು ಹೊಲಿದವಳು ನಾನೇ. ನಿಮ್ಮ ಹೊಟ್ಟೆ ಯಾವಾಗಲೋ ಇಳಿದಿದೆ."

ಅವನು ಪ್ಯಾಂಟಿನ ಸೊಂಟಪಟ್ಟಿ ಮಗುಚಿ ಒಳಗಿನ ಹೊಲಿಗೆ ನೋಡಿದ.

"ಯಾಕೆ ಮಾಡ್ದೆ?"

"ನೀವು ತೆಳ್ಳಗಾಗ್ತಿರೋದು ಆ ಡಾಕ್ಟರಮ್ಮನ ಕಣ್ಣಿಗೂ ಬೀಳುತ್ತಲ್ಲ, ಅದಕ್ಕೆ. ಬೇಜಾರಾಗಿ ಓಡೋದು ಬಿಡ್ಲಿ ಅಂತ."

"ಅಯ್ಯೋ ಹುಚ್ಚಿ! ನಾನು ದಿನಾ ಅವರ ಹತ್ರ ನಿನ್ನ ಸುದ್ದೀನೇ ಹೇಳೋದು. ಸಾಕಾಗಿ ಅವರೀಗ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಓಡ್ತಾರೆ."

ಅವಳು ನಗು ತಡೆದು, ಟೇಪು ತೆಗೆದುಕೊಂಡು ಎದ್ದಳು. "ನಿಂತ್ಕೊಳ್ಳಿ, ಸರಿಯಾದ ಅಳತೆ ತಗೋತೀನಿ."

ಟೇಪು ಸೊಂಟವನ್ನು ಸುತ್ತಿತು. ಕೈಗಳೂ ಸುತ್ತಿದವು, ಬಿಡಲಿಲ್ಲ. ಅವಳ ಕಿವಿಯ ಕೆಳಗೆ ಅವನ ಎದೆ ಅವಸರವಿಲ್ಲದೆ ಬಡಿಯುತ್ತಿತ್ತು.

"ಅಳತೆಗೆ ಇಷ್ಟು ಹೊತ್ತು ಬೇಕಾ?"

"ಸುಮ್ನಿರಿ." ಮುಖ ಎತ್ತದೆಯೇ ಹೇಳಿದಳು: "ನಾಳೆ ಓಡೋಕೆ ಹೋಗಿ. ಆದ್ರೆ ಆ ನೀಲಿ ಟೀಶರ್ಟ್ ಬೇಡ."

"ಯಾಕೆ?"

"ಅದ್ರಲ್ಲಿ ತುಂಬಾ ಚೆನ್ನಾಗಿ ಕಾಣ್ತೀರಿ."