ನೀಲಿ ಅರಳೆ

ಜುಲೈ 9, ಬುಧವಾರ. ಬೆಳಿಗ್ಗೆ 10.40ಕ್ಕೆ ಲಾಂಡ್ರಿ ಮಾಲೀಕ ಲೋಹಿತ ಸವಣೂರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಹಿಂದಿನ ಸಂಜೆ 4.15ಕ್ಕೆ ಅವನ ಬಟ್ಟೆ ಒಣಗಿಸುವ ಯಂತ್ರಕ್ಕೆ ಬೆಂಕಿ ಬಿದ್ದು, ಹಾಸ್ಟೆಲ್ ಮಕ್ಕಳ ನೀಲಿ ಸಮವಸ್ತ್ರಗಳು ಸುಟ್ಟಿದ್ದವು. ಕೆಲಸ ಬಿಡಿಸುತ್ತೇನೆ ಎಂದ ಸಿಟ್ಟಿಗೆ ಕೆಲಸದಾಕೆ ಶೀಲಾಳೇ ಬೆಂಕಿ ಹಚ್ಚಿದಳೆಂಬುದು ಅವನ ಆರೋಪ. ಪಿಎಸ್‌ಐ ತನುಜಾ ಎಫ್‌ಐಆರ್ ದಾಖಲಿಸಿ ಶೀಲಾಳನ್ನು ಕರೆಸಿದರು.

ಆಕೆ ಏಳು ತಿಂಗಳ ಬಸುರಿ. ಸ್ವಿಚ್ ಆರಿಸಲು ಹೋಗಿ ಸುಟ್ಟುಕೊಂಡ ಬಲಗೈಗೆ ಬ್ಯಾಂಡೇಜ್ ಸುತ್ತಿತ್ತು.

“ಕೆಲಸ ಯಾಕ ಬಿಡಸ್ತೇನಿ ಅಂದ?”

“ಹೊಟ್ಟಿ ಬಂದದ, ಬಗ್ಗಾಕ ಆಗೂದಿಲ್ಲ ಅಂತ್ರಿ.”

“ಯಂತ್ರ ಸ್ವಚ್ಛ ಮಾಡ್ತಿದ್ದಿ?”

“ದಿನಾ ಮಾಡ್ತೇನ್ರಿ. ಒಳಗಿನ ಜಾಲರಿಗೆ ಬಟ್ಟಿ ಅರಳಿ ಹತ್ತಿರ್ತದ, ಅದನ್ನ ತಗದ ಮ್ಯಾಲೇನ ಚಾಲೂ ಮಾಡೂದು. ಹೊರಗಿನ ಕೊಳವಿ ಮಾಲಕರು ನೋಡ್ಬೇಕು. ಮೇಡಂ, ನಾ ಜೇಲಿನಾಗ ಹಡಿಬೇಕೇನ್ರಿ?”

ಆ ಮಾತು ತನುಜಾರ ಮನಸ್ಸಿಗೆ ನಾಟಿತು.

12.30ಕ್ಕೆ ಸ್ಥಳ ಪಂಚನಾಮೆ. ಜಾಲರಿ ಸ್ವಚ್ಛವಾಗಿತ್ತು. ಬಿಸಿಗಾಳಿ ಹೊರಹಾಕುವ ಕೊಳವೆ ಹಿಂದಿನ ಓಣಿಗೆ ತೆರೆದುಕೊಂಡಿತ್ತು, ಅದರ ತುಂಬ ಸುಟ್ಟ ಅರಳೆ. ಕಾನ್‌ಸ್ಟೆಬಲ್ ದುರ್ಗೇಶ ಏಣಿ ಹತ್ತಿ, ಕೊಳವೆಯ ಬಾಯಿಗೆ ಬಿಗಿದಿದ್ದ ತಂತಿಯನ್ನೂ ಕರಕಲಾದ ಗೋಣಿಯ ಚೂರನ್ನೂ ಬಿಚ್ಚಿದ.

“ಯಾರೋ ಚೀಲಾ ಕಟ್ಟ್ಯಾರ್ರಿ. ಅದು ತುಂಬಿ ಗಾಳಿ ನಿಂತದ.”

ತನುಜಾ ಲೋಹಿತನತ್ತ ತಿರುಗಿದರು. “ಈ ಕೊಳವಿ ಯಾವಾಗ ನೋಡಿದ್ರಿ?”

“ಹೋದ ಮಳಿಗಾಲದಾಗರಿ.”

ತಿಂಗಳಿಗೊಮ್ಮೆ ತೆಗೆದು ಸ್ವಚ್ಛ ಮಾಡಬೇಕೆಂದು ಯಂತ್ರದ ಮೇಲೇ ಬರೆದಿತ್ತು. ಅವನು ಓದು ಬಾರದವನೇನಲ್ಲ, ಮೈಗಳ್ಳ.

ಓಣಿಯಾಚೆ ಗಾದಿ ಹೊಲಿಯುವ ಜಮಾಲಸಾಬನ ಮನೆ. ಕಟ್ಟೆಯ ಮೇಲೊಂದು ಪುಟ್ಟ ಗಾದಿ, ಒಂದು ಬದಿಯ ಹೊಲಿಗೆ ಬಾಕಿ. ತನುಜಾ ಬೆರಳಿನಿಂದ ಬಿಡಿಸಿ ಒಳಗೆ ನೋಡಿದರು.

“ಹತ್ತಿ ನೀಲಿ ಇರ್ತದೇನ್ರಿ, ಜಮಾಲಸಾಬ?”

“ಅದು ಲಾಂಡ್ರಿದರಿ. ಹಿಂಜಿದಂಗ ಬಂದು ಗಟಾರಕ್ಕ ಬೀಳ್ತಿತ್ತು. ನಲವತ್ತು ವರ್ಷ ಹತ್ತಿ ಹಿಂಜೇನಿ, ನೋಡಾಕ ಆಗಲಿಲ್ಲ. ಚೀಲಾ ಕಟ್ಟಿದೆ. ಎರಡ ದಿನಕ್ಕೊಮ್ಮೆ ಬಿಚ್ತಿದ್ದೆ, ಈ ಸಲ ಜ್ವರಾ ಬಂದು ವಾರ ಮಲಗಿದೆ.”

“ಗಾಳಿ ಕಟ್ತದ ಅಂತ ತಿಳೀಲಿಲ್ಲೇನು?”

“ಗೋಣಿ ಗಾಳಿ ಬಿಡ್ತದ ಅಂತ ತಿಳದಿದ್ದೆರಿ.”

“ಈ ಗಾದಿ ಯಾರಿಗೆ?”

“ನಮ್ಮ ಶೀಲಾನ ಕೂಸಿಗೆ. ಆಕಿಗಿನ್ನಾ ಹೇಳಿಲ್ರಿ.”

ದುರ್ಗೇಶ ಬರೆಯುವುದನ್ನು ನಿಲ್ಲಿಸಿ ಹೇಳಿದ.

“ಚಾಚಾ, ಬೆಂಕಿ ಆಕೀನ ಹಚ್ಚ್ಯಾಳಂತ ದೂರು ಆಗೇದ. ಠಾಣಾದಾಗ ಕುಂತಾಳ.”

ಮುದುಕ ಚಪ್ಪಲಿ ಮೆಟ್ಟಿ ಅವರಿಗಿಂತ ಮುಂದೆ ಜೀಪಿನತ್ತ ನಡೆದ.

ಸಂಜೆ 4.50ಕ್ಕೆ, ನಿರ್ಲಕ್ಷ್ಯದಿಂದ ಬೆಂಕಿಗೆ ಕಾರಣನಾದನೆಂದು ಜಮಾಲಸಾಬನ ಬಂಧನ. ಎರಡನೇ ಆರೋಪಿ ಕೊಳವೆ ನೋಡದ ಲೋಹಿತ. ಶೀಲಾಳ ಮೇಲಿನ ಆರೋಪಕ್ಕೆ ಆಧಾರವಿಲ್ಲವೆಂದು ದಾಖಲಾಯಿತು. ಜಪ್ತಿ ಪಟ್ಟಿಯಲ್ಲಿ ಮೂರನೆಯದು ‘ಕೂಸಿನ ಗಾದಿ, ಒಂದು’. ಅದು ಯಾರಿಗೆಂದು ತನುಜಾ ಶೀಲಾಳಿಗೆ ಹೇಳಿದರು. ಹೇಳದೆ ಇರಲು ಅವರಿಂದಾಗಲಿಲ್ಲ.

ಕೇಸ್ ಡೈರಿಯಲ್ಲಿ ಚೀಲ ಕಟ್ಟಿದ ಕಾರಣವನ್ನು ಹೀಗೆ ಬರೆದರು: ಅರಳೆ ಹಾಳಾಗಬಾರದೆಂಬ ಆಸೆ.

ಠಾಣೆಯ ಜಾಮೀನಿಗೆ ಹೊಣೆ ನಿಲ್ಲುವವರೊಬ್ಬರ ಸಹಿ ಬೇಕಿತ್ತು. ಜಮಾಲಸಾಬನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ಶೀಲಾ ಎದ್ದು ಬಂದಳು.

“ಎಡಗೈಲೆ ಮಾಡಿದ್ರ ನಡೀತದೇನ್ರಿ?” ಎಂದು ಕೇಳಿ ಪೆನ್ನು ತೆಗೆದುಕೊಂಡಳು.