ಕುಳಿತು ಮಾಡುವ ಕೆಲಸ

ಮೂರನೇ ರೊಟ್ಟಿಯ ಎರಡನೇ ತುತ್ತಿಗೆ ಭೂಮಿಕವ್ವನ ದವಡೆಯಲ್ಲಿ ಮಣಿ ಎರಡು ಸಲ ಮಿಡಿಯಿತು. ನೋವೇನಲ್ಲ, ಹಲ್ಲಿನ ಬುಡಕ್ಕೆ ಯಾರೋ ಉಗುರಿನಿಂದ ತಟ್ಟಿದ ಹಾಗೆ. ಮಧ್ಯಾಹ್ನದ ಪಾಲು ಮುಗಿಯಿತು ಎಂದು ಅದರ ಅರ್ಥ. ಅದನ್ನು ಮೀರಿ ಎಷ್ಟು ತಿಂದಳೋ ಅಷ್ಟು ಜೋಳ ನಾಳೆಯ ಪಡಿತರ ಕಾರ್ಡಿನಲ್ಲಿ ಕಡಿತವಾಗುತ್ತಿತ್ತು. ಭೂಮಿಕವ್ವ ಉಳಿದ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಬಾಯಿಗೆ ಬಂದ ಬೈಗುಳವನ್ನು ನೀರಿನ ಜೊತೆ ನುಂಗಿದಳು. ಬೈಗುಳಕ್ಕೆ ಕ್ಯಾಲೊರಿ ಇಲ್ಲವಾದ್ದರಿಂದ ಮಣಿ ಸುಮ್ಮನಿತ್ತು.

ಅಕ್ಕಿಕಾಳಿನಷ್ಟೇ ಇದ್ದ ಆ ದವಡೆಮಣಿ ಬಲು ಜಾಣ ವಸ್ತು. ಹಲ್ಲು ಎಷ್ಟು ಬಲವಾಗಿ ಅಗಿಯಿತು, ಎಂಜಲಿನಲ್ಲಿ ಎಷ್ಟು ಸಕ್ಕರೆ, ಎಷ್ಟು ಎಣ್ಣೆ ಬೆರೆಯಿತು ಎಂಬುದನ್ನು ನೋಡಿ ತುತ್ತಿನೊಳಗಿನ ಶಕ್ತಿಯನ್ನು ಲೆಕ್ಕ ಹಾಕುತ್ತಿತ್ತು. ಶಕ್ತಿಯ ಆ ಅಳತೆಗೇ ಕ್ಯಾಲೊರಿ ಎನ್ನುವುದು. ಬಿರುಬಿಸಿಲಿನ ವರ್ಷಗಳು ಬಂದು ದೇಶದ ಬೆಳೆ ಅರ್ಧಕ್ಕೆ ಇಳಿದ ಮೇಲೆ ಆಹಾರ ಮಿತಿ ಮಂಡಳಿ ಎಲ್ಲರ ಬಾಯಿಗೂ ಅದನ್ನು ಅಂಟಿಸಿತ್ತು. ಯಾರಿಗೆ ಎಷ್ಟು ಬೇಕೋ ಅಷ್ಟೇ ಊಟ. ಅದರಿಂದ ಎಷ್ಟೋ ಜನ ಬದುಕಿದ್ದು ಸುಳ್ಳಲ್ಲ. ಉಳ್ಳವರ ಮನೆಯ ಅನ್ನ ತಿಪ್ಪೆಗೆ ಬೀಳುವುದು ನಿಂತದ್ದೂ ಸುಳ್ಳಲ್ಲ. ಮೊದಲ ವರ್ಷ ಭೂಮಿಕವ್ವನೂ ಮಣಿಯನ್ನು ಹೊಗಳಿದವಳೇ.

ಅವಳ ತಕರಾರು ಇದ್ದದ್ದು ಆ ‘ಎಷ್ಟು ಬೇಕೋ’ ಎಂಬುದರ ಬಗ್ಗೆ. ಅದನ್ನು ಹೇಳುತ್ತಿದ್ದುದು ಮಣಿಯಲ್ಲ, ಒಂದು ಪಟ್ಟಿ. ಇನ್ನೂರ ಹದಿನಾಲ್ಕು ಕಸುಬುಗಳ ಆ ಪಟ್ಟಿಯಲ್ಲಿ ರೊಟ್ಟಿ ಬಡಿಯುವವರ ಎದುರು ‘ಕುಳಿತು ಮಾಡುವ ಹಗುರ ಕೆಲಸ, ದಿನಕ್ಕೆ ಸಾವಿರದ ಆರುನೂರ ಐವತ್ತು’ ಎಂದಿತ್ತು. ಗದಗದ ಬನ್ನಿಗಿಡದ ಓಣಿಯಲ್ಲಿ ಭೂಮಿಕವ್ವನ ಸಂಘದ ಹನ್ನೊಂದು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಒಬ್ಬೊಬ್ಬರೂ ಮುನ್ನೂರು ರೊಟ್ಟಿ ಬಡಿದು, ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸಗಾರರಿಗೆ ಕಳಿಸುತ್ತಿದ್ದರು. ಒಮ್ಮೆ ಯಂತ್ರದ ರೊಟ್ಟಿ ಕಳಿಸಿ ನೋಡಿದ್ದಾಗಿತ್ತು. ಎರಡೇ ದಿನಕ್ಕೆ ಬುಟ್ಟಿಗಳು ತುಂಬಿದ ಹಾಗೇ ಗುಡ್ಡ ಇಳಿದು ಬಂದಿದ್ದವು.

ಈ ನಾಲ್ಕು ವರ್ಷಗಳಲ್ಲಿ ಭೂಮಿಕವ್ವ ಒಂಬತ್ತು ಕಿಲೊ ಇಳಿದಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅದನ್ನೂ ಸಹಿಸಿಕೊಂಡಿದ್ದಳು. ಆದರೆ ಹೋದ ಗುರುವಾರ ಪಕ್ಕದ ಒಲೆಯ ಮೆಹಕ್ ಕಣ್ಣು ಕತ್ತಲಿಟ್ಟು ಮುಂದಕ್ಕೆ ವಾಲಿ, ಕಾದ ಹಂಚಿನ ಮೇಲೆ ಅಂಗೈ ಊರಿಬಿಟ್ಟಳು. ಆ ವಾಸನೆ ಭೂಮಿಕವ್ವನ ಮೂಗಿನಿಂದ ಇನ್ನೂ ಹೋಗಿರಲಿಲ್ಲ.

ಅಂದೇ ಅವಳು ಮಂಡಳಿಗೆ ದೂರು ಕೊಟ್ಟಳು. ಉತ್ತರವಾಗಿ, ಗೋಡೆಗೆ ಮಂಡಳಿ ಹಾಕಿಸಿದ್ದ ಹಲಗೆಯಲ್ಲಿ ಒಂದು ಅರ್ಜಿ ಮೂಡಿತು. ‘ನಿಮ್ಮ ಜೀವನಶೈಲಿಗೆ ಒಪ್ಪುವ ಎಣಿಕೆಯ ಕ್ರಮವನ್ನು ಆರಿಸಿಕೊಳ್ಳಿ’ ಎಂದು ಮೇಲೆ, ಅದರಡಿ ಮೂರು ಚಿತ್ರ: ದವಡೆಯ ಮಣಿ, ಬಡಿಸಿದ್ದನ್ನು ಕಣ್ಣಿಟ್ಟು ನೋಡುವ ತಟ್ಟೆ, ತುತ್ತಿಗೊಮ್ಮೆ ಒತ್ತಬೇಕಾದ ಮುಂಗೈ ಪಟ್ಟಿ. ಸೋಮವಾರ ಸಂಜೆಯೊಳಗೆ ಒಂದನ್ನು ಒತ್ತದಿದ್ದರೆ ಕಾರ್ಡು ಬಂದ್. ಭೂಮಿಕವ್ವನಿಗೆ ಮೊದಲು ನಗು ಬಂತು. ಮಧ್ಯಾಹ್ನ ಐದೈದು ಜನ ಒಂದೇ ಪರಾತದ ಸುತ್ತ ಕುಳಿತು ಉಣ್ಣುವವರು ಅವರು, ಯಾವ ಕೈ ಯಾರದೆಂದು ತಟ್ಟೆಗೆ ಹೇಗೆ ತಿಳಿಯಬೇಕು? ಆಮೇಲೆ ಮೈಯೆಲ್ಲ ಉರಿಯಿತು. ಮೂರರಲ್ಲಿ ಯಾವುದನ್ನು ಒತ್ತಿದರೂ ಕಸುಬುಗಳ ಪಟ್ಟಿಯ ಆ ‘ಕುಳಿತು ಮಾಡುವ’ ಸಾಲು ಕದಲುತ್ತಿರಲಿಲ್ಲ. ಕಟ್ಟಿಹಾಕಿದ ಎಮ್ಮೆಗೆ ಹಗ್ಗದ ಬಣ್ಣ ಆರಿಸಿಕೋ ಎಂದ ಹಾಗಿತ್ತು.

ಆ ಗಡುವಿನ ಸೋಮವಾರ, ಮೂರನೇ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮತ್ತೆ ಒಲೆಯ ಮುಂದೆ ಕುಳಿತಾಗ ಓಣಿಯ ತುದಿಯಲ್ಲಿ ಮಂಡಳಿಯ ಗಾಡಿ ನಿಂತಿತು. ಇಳಿದವರು ಡಾ. ಪ್ರಣೀತ್ ಬಾಳಿಗ. ಮಣಿಯನ್ನು ಕಂಡುಹಿಡಿದವರೇ ಅವರು, ಮಂಗಳೂರಿನ ಕಡೆಯವರು. ಅರ್ಜಿ ತುಂಬದ ಸಂಘವನ್ನು ಒಪ್ಪಿಸಲು ಖುದ್ದಾಗಿ ಬಂದಿದ್ದರು.

ಅವರನ್ನು ಕಂಡದ್ದೇ ತಡ ಹೆಂಗಸರ ಕೈಗಳು ನಿಂತವು. ಒಬ್ಬಳು ನೀರಿನ ತಂಬಿಗೆಗೆ ಎದ್ದಳು, ಇನ್ನೊಬ್ಬಳು ಚಾಪೆ ಕೊಡವಿದಳು. ಅದನ್ನು ನೋಡುತ್ತಿದ್ದ ಹಾಗೆ ಭೂಮಿಕವ್ವನಿಗೆ ನಾಲ್ಕು ವರ್ಷದ ಹಿಂದಿನ ದಿನ ನೆನಪಾಯಿತು. ಪಟ್ಟಿ ಮಾಡುವಾಗ ಇದೇ ಡಾಕ್ಟರು ಬಂದಿದ್ದರು. ಬಂದವರು ಬಾಗಿಲಲ್ಲಿರುವಾಗ ಹಿಟ್ಟಿನಲ್ಲಿ ಕೈ ಇಟ್ಟುಕೊಂಡಿರುವುದುಂಟೇ? ಎಲ್ಲರೂ ಕೆಲಸ ಬಿಟ್ಟಿದ್ದರು. ಚಾಪೆ ಹಾಸಿ, ಬಿಸಿ ರೊಟ್ಟಿಗೆ ಬೆಣ್ಣೆ ಇಟ್ಟು, ಗಾಳಿ ಬೀಸುತ್ತ ಸುತ್ತ ಕುಳಿತು ಹರಟಿದ್ದರು. ಡಾಕ್ಟರು ಉಸಿರಿನ ಮುಸುಕೊಂದನ್ನು ಮೆಹಕ್‌ಳ ಮುಖಕ್ಕೆ ಕಟ್ಟಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ದೇಹ ಉಂಡದ್ದನ್ನು ಉರಿಸುವುದು ಉಸಿರಿನ ಆಮ್ಲಜನಕದಿಂದ, ಆದ್ದರಿಂದ ಉಸಿರನ್ನು ಅಳೆದರೆ ಎಷ್ಟು ಉರಿಯಿತೆಂದು ತಿಳಿಯುತ್ತದೆ ಎಂದು ಅವರು ವಿವರಿಸಿದ್ದರು. ಆಗ ಮೆಹಕ್ ಬೀಸಣಿಕೆ ಹಿಡಿದು ಚಾಪೆಯ ಮೇಲೆ ಕುಳಿತಿದ್ದಳು.

ಭೂಮಿಕವ್ವನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಅಳೆದದ್ದು ಅದನ್ನೇ, ಬರೆದದ್ದೂ ಅದನ್ನೇ.

“ಯಾರೂ ಏಳಬ್ಯಾಡ್ರಿ. ಬಡೀರಿ,” ಎಂದಳು.

ಐವತ್ತೆರಡು ವರ್ಷದ ಬಾಳಿನಲ್ಲಿ ಬಾಗಿಲಿಗೆ ಬಂದವರನ್ನು ‘ಬರ್ರಿ’ ಎನ್ನದೆ ನಿಲ್ಲಿಸಿದ್ದು ಅವಳಿಗೆ ಅದೇ ಮೊದಲು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ತಲೆ ಎತ್ತಲಿಲ್ಲ. ಹನ್ನೊಂದು ಒಲೆಗಳಲ್ಲಿ ಹತ್ತರ ಮುಂದೆ ಬಡಿತ ಮತ್ತೆ ಶುರುವಾಯಿತು. ಹನ್ನೊಂದನೆಯದರ ಮುಂದೆ ಮೆಹಕ್ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಡಾಕ್ಟರು ಹೊಸ್ತಿಲಲ್ಲೇ ನಿಂತು ಅರ್ಜಿಯ ಅನುಕೂಲಗಳನ್ನು ಹೇಳಿದರು. ಬಡಿತದ ಸದ್ದಿನಲ್ಲಿ ಅರ್ಧ ಮಾತು ಮುಳುಗಿಹೋಯಿತು.

“ಭೂಮಿಕಮ್ಮ, ಐದು ನಿಮಿಷ ಕೆಲಸ ನಿಲ್ಲಿಸಿದರೆ ಮಾತಾಡಬಹುದಿತ್ತು,” ಎಂದರು ಕೊನೆಗೆ.

“ಹೋದ ಸಲ ನಿಲ್ಲಿಸಿದ್ವಲ್ರಿ, ಅದ ತಪ್ಪಾತು. ನೀವು ಬಂದ್ರಿ ಅಂತ ನಾವು ಹಿಟ್ಟು ಬಿಟ್ಟು ಕುಂತ್ವಿ. ನೀವು ನಾವು ಕುಂತದ್ದನ್ನ ಬರಕೊಂಡು ಹೋದ್ರಿ. ಆ ಮುಸುಕು ಚೀಲದಾಗ ಐತೇನು? ಇದ್ರ ಈಗ ನನಗ ಕಟ್ರಿ.”

ಡಾಕ್ಟರ ಕಣ್ಣು ಮೆಹಕ್‌ಳ ಕೈಯ ಕಟ್ಟಿನ ಮೇಲೆ ಬಿತ್ತು. ಚೀಲ ತೆರೆದು ಮುಸುಕನ್ನು ಭೂಮಿಕವ್ವನ ಮುಖಕ್ಕೆ ಕಟ್ಟಿದರು. ಅವಳು ಬಿಸಿನೀರಿಗೆ ಹಿಟ್ಟು ಸುರಿದು, ನಾದಿ, ಉಂಡೆ ಮಾಡಿ, ಎರಡೂ ಅಂಗೈಯಿಂದ ತಿರುಗಿಸಿ ತಿರುಗಿಸಿ ಬಡಿದಳು. ಎತ್ತಿ ಹಂಚಿಗೆ ಹಾಕಿದಳು, ನೀರು ಸವರಿದಳು, ಮಗುಚಿದಳು. ಬೆನ್ನಿನ ಮೇಲೆ ಬೆವರು ಇಳಿಯಿತು. ಇಪ್ಪತ್ತು ರೊಟ್ಟಿ ಆಗುವಷ್ಟರಲ್ಲಿ ಡಾಕ್ಟರು ಎರಡು ಸಲ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ್ದರು. ಅದು ಕೆಟ್ಟಿರಬೇಕೆಂದು ಅವರ ಅನುಮಾನ. ಮುಸುಕನ್ನು ತಾವೇ ಕಟ್ಟಿಕೊಂಡು ಪರೀಕ್ಷಿಸಿದರು. ಯಂತ್ರ ಸರಿಯಾಗಿಯೇ ಇತ್ತು.

“ದಿನಕ್ಕೆ ಎರಡು ಸಾವಿರದ ಆರುನೂರು ಬೇಕು,” ಎಂದರು, ದನಿ ತಗ್ಗಿಸಿ. “ನಾನು ನಿಮಗೆ ಸಾವಿರದ ಹತ್ತಿರ ಕಡಿಮೆ ಕೊಟ್ಟಿದ್ದೇನೆ. ನಾಲ್ಕು ವರ್ಷದಿಂದ.”

ಸಾಲನ್ನು ತಿದ್ದಿಸುತ್ತೇನೆ, ಆದರೆ ಮಂಡಳಿ ಒಪ್ಪಲು ಮೂರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಯಾವುದಾದರೊಂದು ಚಿತ್ರವನ್ನು ಒತ್ತಿಬಿಡಿ ಎಂದು ಕೇಳಿಕೊಂಡರು.

ಭೂಮಿಕವ್ವ ಕೈ ತೊಳೆದು ಅವರ ಎದುರು ಬಂದು ನಿಂತಳು.

“ಮೂರು ತಿಂಗಳು ಅಂದ್ರ ಇನ್ನೆಷ್ಟು ಕೈ ಹಂಚಿಗೆ ಬೀಳಬೇಕ್ರಿ? ನಾವು ಒತ್ತೂದಿಲ್ಲ. ಸಾಲು ತಿದ್ದೂತನಕ ಇಲ್ಲಿಂದ ಒಂದು ರೊಟ್ಟಿ ಗುಡ್ಡಕ್ಕ ಹೋಗೂದಿಲ್ಲ. ಈ ಮಣಿ ನೀವ ಹಾಕಿದ್ರಿ, ನೀವ ತಗೀರಿ,” ಎಂದು ಬಾಯಿ ತೆರೆದಳು.

ತೆಗೆದರೆ ಕಾರ್ಡು ಇವತ್ತೇ ಬಂದ್ ಆಗುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಅವರ ನೌಕರಿಗೂ ಅದು ಒಳ್ಳೆಯದಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಭೂಮಿಕವ್ವ ಬಾಯಿ ಮುಚ್ಚಲಿಲ್ಲ. ಮೆಹಕ್ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತಳು. ಉಳಿದ ಒಂಬತ್ತು ಜನ ಅವಳ ಹಿಂದೆ ಬಂದರು. ಡಾಕ್ಟರು ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿ, ಅಂಗಿಯ ಜೇಬಿನಿಂದ ಮಣಿ ಕೀಳುವ ಅಯಸ್ಕಾಂತದ ಕಡ್ಡಿಯನ್ನು ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಪರಾತದಲ್ಲಿ ಹನ್ನೊಂದು ಮಣಿಗಳು ಬಿದ್ದಿದ್ದವು.

ಆಗ ಭೂಮಿಕವ್ವ ಚಾಪೆ ಹಾಸಿದಳು. “ಈಗ ಬರ್ರಿ. ಕುಂದರ್ರಿ,” ಎಂದು ನೀರು ಕೊಟ್ಟಳು. ರೊಟ್ಟಿಗೆ ಬೆಣ್ಣೆ ಇಟ್ಟು ಅವರ ಮುಂದೆ ಸರಿಸಿ, ಆ ಸಾಲನ್ನು ಮೊದಲು ಬರೆದವರು ಯಾರು ಎಂದು ಕೇಳಿದಳು.

ಒಬ್ಬರೆಂದು ಹೇಳುವ ಹಾಗಿಲ್ಲ ಎಂದರು ಅವರು. “ನಲವತ್ತು ವರ್ಷದ ಹಿಂದೆ ಕ್ಯಾಲೊರಿ ಎಣಿಸುವ ಆ್ಯಪ್‌ಗಳು ಇದ್ದವಲ್ಲ, ಅವುಗಳಲ್ಲಿ ಜನ ತಮ್ಮ ಕಸುಬು ಬರೆದು ತಾವೇ ಒಂದು ಚಿತ್ರ ಒತ್ತಿದ್ದರು. ಅದನ್ನೆಲ್ಲ ಕೂಡಿಸಿ ಪಟ್ಟಿ ಮಾಡಿದ್ದು. ನಾನು ಇಲ್ಲಿಗೆ ಬಂದದ್ದು ಅದು ಸರಿಯೋ ಎಂದು ನೋಡಲಿಕ್ಕೆ. ಸರಿ ಎಂದೇ ಬರೆದೆ.”

ಭೂಮಿಕವ್ವನಿಗೆ ಆ ಚಿತ್ರಗಳು ನೆನಪಿದ್ದವು. ಆಗ ಅವಳಿಗೆ ಹನ್ನೆರಡು ವರ್ಷ. ಸಕ್ಕರೆ ಕಾಯಿಲೆಗೆ ಊಟದ ಲೆಕ್ಕ ಇಡಲು ಹೇಳಿದ್ದಾರೆಂದು ಅವ್ವ ಫೋನಿಗೆ ಆ್ಯಪ್ ಹಾಕಿಸಿಕೊಂಡು ಬಂದಿದ್ದಳು. ಕಸುಬು ರೊಟ್ಟಿ ಬಡಿಯುವುದು ಎಂದು ಬರೆದ ಮೇಲೆ, ನಿಮ್ಮ ಕೆಲಸ ಯಾವ ಬಗೆಯದು ಎಂದು ಅದು ಕೇಳಿತ್ತು. ಒಬ್ಬ ಕುರ್ಚಿಯಲ್ಲಿ ಕುಳಿತವನು, ಒಬ್ಬ ನಡೆಯುವವನು, ಒಬ್ಬ ಓಡುವವನು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈಯೆಲ್ಲ ಹಿಟ್ಟು. “ನೀನ ಒತ್ತವ್ವ,” ಎಂದಿದ್ದಳು. ಭೂಮಿಕಾ ತಿರುಗಿ ಅವ್ವನನ್ನು ನೋಡಿದಳು. ಅವ್ವ ಕುಳಿತಿದ್ದಳು. ಹುಡುಗಿ ಕುರ್ಚಿಯವನನ್ನು ಒತ್ತಿದಳು. ಅವರ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ.

ಗೋಡೆಯ ಹಲಗೆ ಕೂಗಿತು. ಗಡುವಿಗೆ ಇನ್ನು ಕಾಲು ಗಂಟೆ, ಒಂದನ್ನು ಆರಿಸಿಕೊಳ್ಳಿ. ಭೂಮಿಕವ್ವ ಅದನ್ನು ಮೊಳೆಯಿಂದ ಇಳಿಸಿ ನೆಲದ ಮೇಲೆ ಬೋರಲು ಹಾಕಿದಳು.

“ಸಣ್ಣಾಕಿ ಇದ್ದಾಗ ನಾನು ಒಮ್ಮೆ ಒತ್ತೀನ್ರಿ, ಡಾಕ್ಟರ್ರ,” ಎಂದಳು. “ಇನ್ನ ಒತ್ತೂದಿಲ್ಲ.”

ಆಮೇಲೆ ಬುಟ್ಟಿಗೆ ಕೈ ಹಾಕಿ, ಮಧ್ಯಾಹ್ನ ಬಿಟ್ಟಿದ್ದ ಮೂರನೇ ರೊಟ್ಟಿಯ ಉಳಿದ ಭಾಗವನ್ನು ತೆಗೆದು ತಿನ್ನತೊಡಗಿದಳು.