ಮನೆಗೆ ಹೋದ ಹನ್ನೊಂದು ಜನ

ಅವನ ಮೊಣಕೈ ನನ್ನ ಗಂಟಲನ್ನು ಒತ್ತಿತ್ತು. ಬೆನ್ನಿಗೆ ಗೋಡೆ. ಉಸಿರಿಗೆ ದಾರಿಯಿಲ್ಲ.

"ಚೀಟಿ ಕೊಡು ಮುದುಕಾ."

"ಯಾವ ಚೀಟಿ?"

"ಹನ್ನೊಂದು ಹೆಸರಿರೋದು. ಪ್ರೊಫೆಸರ್ ಓಯಾಂಗ್ ಅವರ ರೋಗಿಗಳ ಮನೆ ಬಾಗಿಲು ಬಡಿಯೋಕೆ ನೀನ್ಯಾರು?"

ನಾನು ಶ್ಯಾವ್. ತೈನಾನ್ ನಗರದ ಪೊಲೀಸಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಕೊಲ್ಲಲು ಬಂದವನು ಮಾತಾಡುವುದಿಲ್ಲ ಎಂಬುದನ್ನು ಅಲ್ಲಿಯೇ ಕಲಿತೆ. ಇವನು ಬಹಳ ಮಾತಾಡುತ್ತಿದ್ದ.

ಮೊಣಕಾಲು ಎತ್ತಿದೆ. ಅವನು ಹೊಟ್ಟೆ ಹಿಡಿದು ಕುಳಿತ. ಅರವತ್ತೆಂಟರ ಮೊಣಕಾಲು... ಅದಕ್ಕೂ ನೋವಾಯಿತು. ಸ್ಕೂಟರ್ ಹತ್ತಿದೆ.

ಗಂಟೆ ಎರಡು. ಮೂರಕ್ಕೆ ನೆರೆಮನೆಯ ಸು-ಮೈ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಬೇಕಿತ್ತು.

ಬೆಳಿಗ್ಗೆ ಅವಳೇ ನನ್ನನ್ನು ಆಸ್ಪತ್ರೆಗೆ ಕರೆಸಿದ್ದಳು. ಗಂಡ ಚಿನ್-ಶುಯಿ ಕೊಳದಲ್ಲಿ ಹೂಮೀನು ಸಾಕುವವನು. ಎಂಟು ದಿನದ ಹಿಂದೆ ಬೆರಳಿಗೆ ಹೂಮೀನಿನ ಮುಳ್ಳು ಚುಚ್ಚಿತ್ತು. ಮರುದಿನ ತೋಳು ಕಪ್ಪಾಯಿತು. ಅದನ್ನು ಕತ್ತರಿಸಿದರು. ಅಷ್ಟರಲ್ಲಿ ಸೋಂಕು ರಕ್ತಕ್ಕಿಳಿದು ಮೂತ್ರಪಿಂಡ ಕೆಟ್ಟಿತ್ತು. ಅಲ್ಲಿನ ದೊಡ್ಡ ವೈದ್ಯ ಓಯಾಂಗ್ ತನ್ನ ಹೊಸ ಔಷಧಿಯನ್ನು ಪರೀಕ್ಷೆಗೆಂದು ಕೊಡತೊಡಗಿದ. ಕಳೆದ ಒಂದು ತಿಂಗಳಲ್ಲಿ ಹನ್ನೊಂದು ಜನರಿಗೆ ಕೊಟ್ಟಿದ್ದನಂತೆ. ಹನ್ನೊಂದೂ ಜನ ಜೀವಂತ ಮನೆಗೆ ಹೋದರಂತೆ.

ಈಗ ಅದೇ ಓಯಾಂಗ್ ಹೇಳುತ್ತಿದ್ದ, ಮೂರು ಗಂಟೆಗೆ ಸಹಿ ಹಾಕಿ ಇವನನ್ನೂ ಮನೆಗೆ ಕರೆದುಕೊಂಡು ಹೋಗಿ ಎಂದು.

"ಶ್ಯಾವಣ್ಣ, ಕೈಬಿಡ್ಲೋ ಕಾಯ್ಲೋ ಗೊತ್ತಾಗ್ತಿಲ್ಲ" ಎಂದಳು ಸು-ಮೈ. "ಆ ಹನ್ನೊಂದರಲ್ಲಿ ಒಬ್ಬರನ್ನಾದ್ರೂ ಕರ್ಕೊಂಡು ಬನ್ನಿ. ನಡೆದಾಡೋದನ್ನ ಕಣ್ಣಾರೆ ನೋಡಿದ್ರೆ ಕಾಯ್ತೀನಿ."

ನರ್ಸ್ ಒಬ್ಬಳು ಗುಟ್ಟಾಗಿ ಹೆಸರುಗಳನ್ನು ಬರೆದುಕೊಟ್ಟಳು.

ಮೊದಲ ಮನೆಯ ಬಾಗಿಲಲ್ಲಿ ಬಿಳಿ ಕಾಗದ ಅಂಟಿಸಿತ್ತು. ಸೂತಕ.

"ನಿಮ್ಮ ತಾಯಿ ಮನೆಗೆ ಬಂದರಲ್ಲ?"

"ಬಂದ್ರು. ಹೊಸ್ತಿಲು ದಾಟಿ ಹತ್ತು ನಿಮಿಷ ಇದ್ರು."

ಎರಡನೆಯ ಮನೆಯಲ್ಲಿ ಆರು ನಿಮಿಷ. ಮೂರನೆಯದರಲ್ಲಿ ಯಾರೂ ಗಡಿಯಾರ ನೋಡಿರಲಿಲ್ಲ. ಸೂತಕ ತಮ್ಮ ಮನೆಗೆ ಬಾರದಿರಲೆಂದು ನೆರೆಯವರು ಬಾಗಿಲಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ನಾಲ್ಕನೆಯ ಬೀದಿಯಿಂದ ನಾನು ವಿಳಾಸ ಕೇಳುವುದನ್ನೇ ಬಿಟ್ಟೆ. ಕೆಂಪು ಚೀಟಿಗಳ ನಡುವಿನ ಮನೆ ಹುಡುಕಿದರೆ ಸಾಕಾಗಿತ್ತು. ಹನ್ನೊಂದನೆಯ ಮನೆಯ ಹೊರಗೆ ಆ ಮೊಣಕೈ ನನ್ನನ್ನು ಗೋಡೆಗೆ ಒತ್ತಿತ್ತು.

ನಮ್ಮಲ್ಲಿ ಹಾಗೆಯೇ. ಹೊರಗೆ ಸತ್ತವರ ಆತ್ಮ ಬೀದಿಯಲ್ಲಿ ಅಲೆಯುತ್ತದೆ. ಆದ್ದರಿಂದ ವೈದ್ಯರು ಕೈಚೆಲ್ಲಿದ ಮೇಲೆ ಒಂದೇ ಒಂದು ಉಸಿರು ಉಳಿಸಿಕೊಂಡು ಮನೆಗೆ ತರುತ್ತೇವೆ. ಆಂಬುಲೆನ್ಸಿನಲ್ಲಿ ಉಸಿರು ತುಂಬುವ ಗಾಳಿಚೀಲ ಒತ್ತುತ್ತಾ ತರುತ್ತೇವೆ. ಗತಿಸಿದ ಹಿರಿಯರ ಪೂಜಾಪೀಠದ ಮುಂದೆ ಉಸಿರಿನ ಕೊಳವೆ ತೆಗೆಯುತ್ತೇವೆ. ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಆ ಚೀಲವನ್ನು ಒತ್ತಿದ್ದು ನಾನೇ. ಕಳಿಸಿಕೊಟ್ಟ ವೈದ್ಯನಿಗೆ ಕೈಮುಗಿದಿದ್ದೆ.

ಆಸ್ಪತ್ರೆಯ ಹಾಳೆಯಲ್ಲಿ ಅಂಥವರು ಜೀವಂತ ಹೋದವರು. ಓಯಾಂಗ್ ಸುಳ್ಳು ಬರೆದಿರಲಿಲ್ಲ. ಗೇಟಿನ ಹತ್ತಿರ ಎಣಿಸುವುದನ್ನು ನಿಲ್ಲಿಸಿದ್ದ, ಅಷ್ಟೆ.

ಈಗ ಸ್ಕೂಟರಿನ ಕನ್ನಡಿಯಲ್ಲಿ ಆ ಮಾತುಗಾರ ಕಂಡ. ಬೈಕಿನಲ್ಲಿ ಬೆನ್ನಟ್ಟಿ ಬಂದಿದ್ದ. ಮೀನುಪೇಟೆಯ ಓಣಿಗೆ ನುಗ್ಗಿದೆ. ಮಂಜುಗಡ್ಡೆ ಕರಗಿ ನೆಲ ಜಾರುತ್ತಿತ್ತು. ನನಗೆ ಓಣಿ ಗೊತ್ತು, ನಿಧಾನಿಸಿದೆ. ಅವನಿಗೆ ಗೊತ್ತಿರಲಿಲ್ಲ. ಏಡಿಯ ಬುಟ್ಟಿಗಳ ಮೇಲೆ ಬಿದ್ದ ಸದ್ದು ಕೇಳಿಸಿತು. ಮಾರುವ ಹೆಂಗಸು ಅವನ ಏಳು ತಲೆಮಾರನ್ನು ಬೈದದ್ದೂ ಕೇಳಿಸಿತು.

ಮೂರಕ್ಕೆ ಐದು ನಿಮಿಷ. ಐಸಿಯು ಬಾಗಿಲಲ್ಲಿ ಓಯಾಂಗ್ ಕಾಗದ ಹಿಡಿದು ನಿಂತಿದ್ದ. ಇಸ್ತ್ರಿ ಕೆಡದ ಬಿಳಿ ಕೋಟು. ಮುಖದಲ್ಲಿ ಬಾಡಿಗೆಗೆ ತಂದಂಥ ದುಃಖ.

"ಅಮ್ಮಾ, ಆಂಬುಲೆನ್ಸ್ ಬಂದಿದೆ. ಆತ್ಮ ಅಲೆದಾಡಬಾರದು ನೋಡಿ."

"ನೀವು ಗುಡಿ ಮೆಟ್ಟಿಲು ಹತ್ತಿ ಎಷ್ಟು ವರ್ಷವಾಯ್ತು ಪ್ರೊಫೆಸರ್?" ಎಂದೆ.

ಅವನು ನನ್ನನ್ನು ನೊಣ ನೋಡಿದಂತೆ ನೋಡಿದ. "ನನ್ನ ವರದಿಯಲ್ಲಿ ಒಂದೇ ಒಂದು ಸುಳ್ಳು ತೋರಿಸಿ."

"ಇಲ್ಲ. ಸುಳ್ಳು ಹೇಳೋ ಕಷ್ಟ ಬಡ ಕಳ್ಳರಿಗೆ."

ಸು-ಮೈ ನನ್ನ ಹಿಂದೆ ನೋಡಿದಳು. ಯಾರೂ ಇರಲಿಲ್ಲ. "ಒಬ್ಬರೂ ಬರ್ಲಿಲ್ವಾ ಅಣ್ಣ?"

"ಒಬ್ಬರೂ ಇಲ್ಲಮ್ಮ. ಹನ್ನೊಂದು ಮನೆಯಲ್ಲೂ ಸೂತಕ."

ಅವಳು ಬೆಂಚಿನ ಮೇಲೆ ಕುಳಿತಳು. ಹೆಸರು ಬರೆದುಕೊಟ್ಟ ನರ್ಸನ್ನು ಕೇಳಿದಳು. "ಇವ್ರು ಇಲ್ಲೇ ಹೋದ್ರೆ ಏನಾಗುತ್ತೆ?"

ನರ್ಸ್ ನೆಲ ನೋಡುತ್ತಾ ಹೇಳಿದಳು. "ಪರೀಕ್ಷೆಯ ರೋಗಿ ವಾರ್ಡಿನಲ್ಲೇ ಸತ್ರೆ ಹೊರಗಿನ ಸಮಿತಿ ಬರುತ್ತೆ ಅಕ್ಕ. ಔಷಧಿ ತಗೊಂಡವರನ್ನೆಲ್ಲ ವಿಚಾರಿಸುತ್ತೆ."

ಸು-ಮೈ ಕಾಗದವನ್ನು ಸಹಿಯಿಲ್ಲದೆ ಓಯಾಂಗನ ಕೈಗಿಟ್ಟಳು.

"ಇವ್ರು ಎಲ್ಲಿಗೂ ಬರಲ್ಲ."

"ಆತ್ಮ ದಾರಿ ತಪ್ಪಿದರೆ?" ಓಯಾಂಗ್ ಕಾಗದವನ್ನು ಮತ್ತೆ ಮುಂದೆ ಚಾಚಿದ.

"ನನ್ನ ಗಂಡ ಕುಡಿದು ಬಂದ ದಿನವೂ ದಾರಿ ತಪ್ಪಿದವರಲ್ಲ. ಕೊಳದ ವಾಸನೆ ಹಿಡ್ಕೊಂಡು ಬರ್ತಾರೆ."

ಹಾಗೆ ಹೇಳಿದವಳು ಒಳಗೆ ಹೋಗಿ, ಗಂಡನ ಉಳಿದ ಒಂದು ಕೈ ಹಿಡಿದು, ಮನೆ ದಾರಿಯ ಒಂದೊಂದು ತಿರುವನ್ನೂ ಕಿವಿಯಲ್ಲಿ ಹೇಳತೊಡಗಿದಳು. ನಾನು ಹೊರಗೆ ನಿಂತು ಗ್ವಾನ್‌ಯಿನ್ ದೇವಿಯನ್ನು ನೆನೆದೆ. ಸಂಜೆ ಐದೂ ಹತ್ತಕ್ಕೆ ಅವನ ಜೀವ ಹೋಯಿತು. ನರ್ಸ್ ಸಮಯ ಬರೆದಳು.

ಮರುದಿನ ಸಮಿತಿಯವರು ಬಂದರು. ಹಳೆಯ ಹನ್ನೊಂದು ರೋಗಿಗಳನ್ನು ಕರೆಸಿ ಎಂದರು.

ಮನೆಗೆ ಕಳಿಸುವುದರಲ್ಲಿ ಓಯಾಂಗ್ ಮಹಾ ಪಂಡಿತ. ಕರೆಸುವ ವಿದ್ಯೆ ಮಾತ್ರ ಕಲಿತಿರಲಿಲ್ಲ.